‘ಹ್ಯಾವಿಂಗ್ ಮಿ ಆನ್’ ಅಂದ್ರೆ ತಮಾಷೆಯೋ, ಮೋಸವೋ? ಯಾವ ಮಾತು ಯಾವಾಗ ಸರಿ

ಗಂಗಾವತಿಯಲ್ಲಿ ನಾನು ಇಂಗ್ಲಿಷ್ ಮಾತಾಡೋದು ಕಲಿಸುತ್ತೇನೆ. ಆನೆಗೊಂದಿ, ಸಾಣಾಪುರ ಕಡೆ ಹೋಮ್‌ಸ್ಟೇ ನಡೆಸುವವರು, ಗೈಡ್ ಕೆಲಸ ಮಾಡುವ ಹುಡುಗರು, ವಿದೇಶಕ್ಕೆ ಹೋಗಲು ತಯಾರಾಗುತ್ತಿರುವ ನರ್ಸಿಂಗ್ ಹುಡುಗಿಯರು ಬರುತ್ತಾರೆ. ಇವರೆಲ್ಲ ಒಂದಲ್ಲ ಒಂದು ದಿನ ತರುವ ಗೊಂದಲ ಒಂದೇ ಬಗೆಯದು. ಒಬ್ಬ ಗೈಡ್ ಹುಡುಗ ಪ್ರವಾಸಿಗೆ ನಿಜವನ್ನೇ ಹೇಳಿದ್ದ. ಹಂಪಿಯ ವಿಜಯ ವಿಠ್ಠಲ ಗುಡಿಯಲ್ಲಿ ಕಲ್ಲಿನ ಕಂಬ ತಟ್ಟಿದರೆ ಸಂಗೀತದ ಸ್ವರ ಬರುತ್ತದೆ ಅಂತ. ಇಂಗ್ಲೆಂಡಿನ ಆ ಹೆಂಗಸು ಕಣ್ಣರಳಿಸಿ, ‘ಯು ಆರ್ ಹ್ಯಾವಿಂಗ್ ಮಿ ಆನ್!’ ಅಂದಳಂತೆ. ಇವನ ಮುಖ ಸಣ್ಣಗಾಯಿತು. ‘ಮೇಡಂ, ನಾ ಸುಳ್ಳ ಹೇಳಾಕತ್ತೀನಿ ಅಂದ್ಲೇನ್ರೀ ಆಕಿ?’ ಅಂತ ಕೇಳಿದ.

ಹಾಗೆ ಅಂದಿಲ್ಲ. ‘ಏನಪ್ಪಾ, ನನ್ನ ಕಾಲೆಳೀತಿದ್ದೀಯಾ?’ ಅಂದದ್ದು ಅಷ್ಟೇ. ಅದರಲ್ಲಿ ಬೈಗುಳ ಇಲ್ಲ, ಆರೋಪ ಇಲ್ಲ. ಅರ್ಧ ಅಚ್ಚರಿ, ಅರ್ಧ ನಗು. ಅದೇ ಹುಡುಗ ಹರಗೋಲಿಗೆ ಮೂರು ಪಟ್ಟು ದುಡ್ಡು ಕಿತ್ತಿದ್ದರೆ ಆಕೆಯ ಬಾಯಲ್ಲಿ ಬರುವ ಮಾತೇ ಬೇರೆ: ‘ಯು ರಿಪ್ಡ್ ಮಿ ಆಫ್.’ ಆಗ ಮುಖ ಸಣ್ಣಗೆ ಮಾಡಿಕೊಳ್ಳಬೇಕು!

ಸಮಾನಾರ್ಥಕ ಪದಗಳ ಪಟ್ಟಿ ತೆಗೆದು ನೋಡಿದರೆ ತೊಂದರೆ ಜಾಸ್ತಿ. ‘ಟೀಸ್, ಕಿಡ್, ಫೂಲ್, ಟ್ರಿಕ್, ಟೇಕ್ ಇನ್, ಕಾನ್, ಚೀಟ್’ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿರುತ್ತಾರೆ. ಅವು ಒಂದೇ ಅಲ್ಲ. ನಮಗೂ ಅದು ಗೊತ್ತೇ ಇದೆ. ಕಾಲೆಳೆಯುವುದು, ಕಿಚಾಯಿಸುವುದು, ಮಂಗ್ಯಾ ಮಾಡುವುದು, ಮೂಗಿಗೆ ತುಪ್ಪ ಸವರುವುದು, ಟೋಪಿ ಹಾಕುವುದು ಇವನ್ನು ನಾವು ಎಂದಾದರೂ ಅದಲು ಬದಲು ಮಾಡುತ್ತೇವಾ? ಚೀಟಿ ದುಡ್ಡು ಎತ್ತಿಕೊಂಡು ಓಡಿಹೋದವನಿಗೆ ‘ಕಾಲೆಳೆದ’ ಅಂತ ಯಾರೂ ಅನ್ನುವುದಿಲ್ಲ. ಕನ್ನಡದಲ್ಲಿ ನಾವು ತಾನಾಗೇ ಮಾಡುವ ಈ ವಿಂಗಡಣೆಯನ್ನೇ ಇಂಗ್ಲಿಷಿಗೂ ಹಚ್ಚಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ನಾನು ಎರಡೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಕೊನೆಗೆ ಇಬ್ಬರೂ ನಕ್ಕರಾ, ಒಬ್ಬನೇ ನಕ್ಕನಾ? ಮತ್ತೆ, ಕಳೆದದ್ದು ಏನು? ಒಂದು ಗಳಿಗೆಯ ಸಮಾಧಾನವಾ, ಇಟ್ಟುಕೊಂಡ ಆಸೆಯಾ, ಜೇಬಿನ ದುಡ್ಡಾ?

ಹ್ಯಾವ್ ಆನ್, ಪುಟ್ ಆನ್: ಬರೀ ಕಾಲೆಳೆಯುವ ಮಾತುಗಳು

ಇವೆರಡರ ಅರ್ಥ ಒಂದೇ. ಸುಳ್ಳನ್ನು ನಿಜದಂತೆ ಹೇಳಿ, ಎದುರಿನವರು ಸ್ವಲ್ಪ ಹೊತ್ತು ನಂಬುವ ಹಾಗೆ ಮಾಡಿ, ಆಮೇಲೆ ನಗುವುದು. ನಮ್ಮ ಕಡೆ ಇದನ್ನೇ ‘ಚಾಷ್ಟಿ’ ಅಂತಲೋ ‘ಮಸ್ಕಿರಿ’ ಅಂತಲೋ ಅನ್ನುತ್ತೇವೆ. ವ್ಯತ್ಯಾಸ ಇರುವುದು ದೇಶದಲ್ಲಿ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದವರು ‘ಹ್ಯಾವ್ ಆನ್’ ಅನ್ನುತ್ತಾರೆ. ಅಮೆರಿಕದವರು ‘ಪುಟ್ ಆನ್’ ಅನ್ನುತ್ತಾರೆ. ನಿಘಂಟಿನಲ್ಲಿ ಎರಡರ ಪಕ್ಕದಲ್ಲೂ ‘ಇನ್‌ಫಾರ್ಮಲ್’ ಅಂತ ಇರುತ್ತದೆ. ಅಂದರೆ ಚಹಾ ಕುಡಿಯುವಾಗ ಸರಿ, ಅರ್ಜಿಯಲ್ಲಿ ಬೇಡ.

ಬಳಸುವಾಗ ಮೂರು ಕಡೆ ಎಡವುತ್ತಾರೆ. ಒಂದು, ಯಾರನ್ನು ಕಾಲೆಳೆಯುತ್ತೀರೋ ಅವರು ನಡುವೆ ಬರಬೇಕು. ‘ಹ್ಯಾವಿಂಗ್ ಮಿ ಆನ್’ ಸರಿ. ‘ಹ್ಯಾವಿಂಗ್ ಆನ್ ಮಿ’ ಅಂದರೆ ಏನೂ ಅಲ್ಲ. ಎರಡು, ಇದು ಹೆಚ್ಚಾಗಿ ‘ಇಂಗ್’ ರೂಪದಲ್ಲೇ ಓಡಾಡುತ್ತದೆ. ನಿನ್ನೆಯ ಕಥೆ ಹೇಳುವಾಗಲೂ ‘ಹಿ ವಾಸ್ ಹ್ಯಾವಿಂಗ್ ಮಿ ಆನ್’ ಅನ್ನುವುದೇ ರೂಢಿ. ಮೂರನೆಯದು ಪುಸ್ತಕದಲ್ಲಿ ಸಿಗುವುದಿಲ್ಲ, ಕಿವಿಯಿಂದಲೇ ಬರಬೇಕು. ಒತ್ತು ‘ಆನ್’ ಮೇಲೆ ಬೀಳಬೇಕು. ‘ಮಿ’ ಮೇಲೆ ಒತ್ತಿ ಹೇಳಿದರೆ ಕೇಳುವವರು ತಡಬಡಿಸುತ್ತಾರೆ.

ಇನ್ನೊಂದು ಮಜಾ ಇದೆ. ಇವೆರಡಕ್ಕೂ ಬಟ್ಟೆ ತೊಡುವ ಅರ್ಥವೂ ಉಂಟು. ‘ಶಿ ಹ್ಯಾಡ್ ಎ ರೆಡ್ ಸಾರಿ ಆನ್’ ಅಂದರೆ ಕೆಂಪು ಸೀರೆ ಉಟ್ಟಿದ್ದಳು. ‘ಪುಟ್ ಆನ್ ಯುವರ್ ಹೆಲ್ಮೆಟ್’ ಅಂದರೆ ಹೆಲ್ಮೆಟ್ ಹಾಕಿಕೋ. ‘ಪುಟ್ ಆನ್ ವೇಟ್’ ಅಂದರೆ ದಪ್ಪಗಾಗುವುದು. ‘ಪುಟ್ ಆನ್ ಎನ್ ಆಕ್ಸೆಂಟ್’ ಅಂದರೆ ಬೇಕಂತಲೇ ಬೇರೆ ಉಚ್ಚಾರ ತರುವುದು. ಬೆಂಗಳೂರಿಗೆ ಹೋಗಿ ಒಂದು ವರ್ಷಕ್ಕೆ ಬಂದ ನಮ್ಮ ಹುಡುಗರು ಮಾಡುತ್ತಾರಲ್ವಾ, ಅದು. ಗುರುತು ಹಿಡಿಯುವುದು ಸುಲಭ. ನಡುವೆ ಬಟ್ಟೆ ಇದ್ದರೆ ತೊಡುವುದು, ಮನುಷ್ಯ ಇದ್ದರೆ ಕಾಲೆಳೆಯುವುದು. ಫೋನಿನಲ್ಲಿ ಮಾತ್ರ ಹುಷಾರು. ‘ಪುಟ್ ಹಿಮ್ ಆನ್’ ಅಂದರೆ ಅವನಿಗೆ ಫೋನ್ ಕೊಡು ಅಂತ.

ಉತ್ತರ ಹೇಗೆ ಕೊಡಬೇಕು ಅನ್ನುವುದೂ ಮುಖ್ಯ. ‘ನೋ, ಆನೆಸ್ಟ್ಲಿ!’ ಅನ್ನಿ, ಇಲ್ಲವೇ ‘ನೋ, ಇಟ್ಸ್ ಟ್ರೂ’ ಅಂತ ನಗುತ್ತಾ ಹೇಳಿ. ನಮ್ಮ ಗೈಡ್ ಹುಡುಗ ಹೇಳಿದ್ದು ‘ಮೇಡಂ, ಐ ಆ್ಯಮ್ ನಾಟ್ ಎ ಲಯರ್.’ ಪಾಪ, ಆಮೇಲೆ ಗುಡಿ ಮುಗಿಯುವವರೆಗೂ ಇಬ್ಬರೂ ಬಿಗಿದುಕೊಂಡೇ ನಡೆದರಂತೆ.

ಇದೇ ಜಾಗದಲ್ಲಿ ನಿಲ್ಲುವ ಇನ್ನೆರಡು ಮಾತು ‘ಕಿಡ್ಡಿಂಗ್’ ಮತ್ತು ‘ಪುಲಿಂಗ್ ಮೈ ಲೆಗ್’. ಎರಡೂ ಎಲ್ಲ ದೇಶದಲ್ಲೂ ನಡೆಯುತ್ತವೆ. ಹೊಸದಾಗಿ ಕಲಿಯುವವರು ಇವೆರಡನ್ನು ಬಾಯಲ್ಲಿ ಇಟ್ಟುಕೊಂಡು, ‘ಹ್ಯಾವ್ ಆನ್’ ಅನ್ನು ಕಿವಿಗೆ ಬಿದ್ದಾಗ ತಿಳಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ‘ಕಿಡ್ಡಿಂಗ್’ ಜೊತೆ ಒಂದು ಎಚ್ಚರ. ‘ಜಸ್ಟ್ ಕಿಡ್ಡಿಂಗ್’ ಅಂದರೆ ಸುಮ್ನೆ ತಮಾಷೆಗೆ ಅಂದೆ. ‘ಆರ್ ಯು ಕಿಡ್ಡಿಂಗ್ ಮಿ?’ ಅನ್ನುವುದು ಮಾತ್ರ ದನಿ ಸ್ವಲ್ಪ ಏರಿದರೂ ‘ಏನ್ ಹುಡುಗಾಟ ಆಡ್ತಿದ್ದೀಯಾ?’ ಆಗಿಬಿಡುತ್ತದೆ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಯಿಸಿದ ಮೇಲಿನ ಅಧಿಕಾರಿಗೆ ಹಾಗೆ ಅಂದು ನೋಡಿ, ಗೊತ್ತಾಗುತ್ತದೆ.

‘ಪುಲಿಂಗ್ ಮೈ ಲೆಗ್’ ನೋಡಿದರೆ ನಮ್ಮ ಕಾಲೆಳೆಯುವುದೇ ಅನ್ನಿಸುತ್ತದೆ. ಅಲ್ಲೇ ಬೀಳುವುದು. ಮೊದಲನೆಯದಾಗಿ ಅದು ಒಂದೇ ಕಾಲು. ‘ಲೆಗ್ಸ್’ ಅಂದರೆ ನಿಜಕ್ಕೂ ಎರಡೂ ಕಾಲು ಹಿಡಿದು ಎಳೆದ ಹಾಗೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕನ್ನಡದಲ್ಲಿ ಕಾಲೆಳೆಯುವುದಕ್ಕೆ ಎರಡು ಅರ್ಥ. ಒಂದು ತಮಾಷೆ. ಇನ್ನೊಂದು, ಮೇಲೆ ಬರುವವನನ್ನು ಕೆಳಗೆ ಎಳೆಯುವ ಹೊಟ್ಟೆಕಿಚ್ಚು. ಇಂಗ್ಲಿಷಿನ ಕಾಲಿಗೆ ಎರಡನೆಯ ಅರ್ಥ ಇಲ್ಲವೇ ಇಲ್ಲ. ಸಂದರ್ಶನದಲ್ಲಿ ಒಬ್ಬ ಹುಡುಗ ‘ಇನ್ ಮೈ ವಿಲೇಜ್ ಪೀಪಲ್ ಆರ್ ಆಲ್ವೇಸ್ ಪುಲಿಂಗ್ ಮೈ ಲೆಗ್’ ಅಂತ ದುಃಖದಿಂದ ಹೇಳಿದರೆ, ಕೇಳುವವರಿಗೆ ಅವನ ಊರು ತುಂಬಾ ನಗೆಚಾಟಿಕೆಯ ಊರು ಅನ್ನಿಸುತ್ತದೆ. ಅಲ್ಲಿ ಬೇಕಾದ್ದು ‘ಹೋಲ್ಡ್ ಮಿ ಬ್ಯಾಕ್’ ಅಥವಾ ‘ಡ್ರ್ಯಾಗ್ ಮಿ ಡೌನ್’.

ಮಂಗ್ಯಾ ಮಾಡುವುದು ಇನ್ನೂ ಒಂದು ಮೆಟ್ಟಿಲು ಮೇಲೆ. ನಾಲ್ಕು ಜನರ ಎದುರು ಮರ್ಯಾದೆ ಹೋದಾಗ ಹೇಳುವ ಮಾತು ಅದು. ‘ನನ್ನ ಮಂಗ್ಯಾ ಮಾಡಾಕತ್ತೀಯೇನಲೇ?’ ಅನ್ನುವವನು ನಗುತ್ತಿರುವುದಿಲ್ಲ. ಇದಕ್ಕೆ ‘ಮೇಕಿಂಗ್ ಎ ಫೂಲ್ ಆಫ್ ಮಿ’ ಸರಿಹೋಗುತ್ತದೆ. ‘ಡೋಂಟ್ ಮೇಕ್ ಮಿ ಫೂಲ್’ ಅಂತ ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ, ನಮ್ಮನಮ್ಮಲ್ಲಿ ಅರ್ಥವೂ ಆಗುತ್ತದೆ. ಹೊರಗಿನವರ ಮುಂದೆ ಪೂರ್ತಿ ರೂಪ ಬಳಸಿ.

ವೈಂಡ್ ಅಪ್: ಸಿಟ್ಟು ಬರಿಸುವುದೇ ಉದ್ದೇಶ

ಬ್ರಿಟನ್ನಿಗೆ ಹೋಗುವ ನರ್ಸುಗಳಿಗೆ ನಾನು ಹೆಚ್ಚು ಹೊತ್ತು ಹೇಳಿಕೊಡುವುದು ಇದನ್ನೇ. ಅಲ್ಲಿ ಕೆಲಸದ ಜಾಗದಲ್ಲಿ ಒಬ್ಬರನ್ನೊಬ್ಬರು ರೇಗಿಸುವುದು ದಿನದ ಮಾತು. ‘ಐ ಆ್ಯಮ್ ಓನ್ಲಿ ವೈಂಡಿಂಗ್ ಯು ಅಪ್’ ಅಂದರೆ ‘ಸುಮ್ನೆ ರೇಗಿಸಿದೆ ಮಾರಾಯ್ತಿ, ಬಿಡು’ ಅಂತ.

‘ಹ್ಯಾವ್ ಆನ್’ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅಲ್ಲಿ ನಂಬಿಸುವುದು ಆಟ. ಇಲ್ಲಿ ಕೆರಳಿಸುವುದು ಆಟ. ಇಲ್ಲಿ ಸುಳ್ಳು ಹೇಳಲೇಬೇಕೆಂದಿಲ್ಲ. ನಿಜ ಹೇಳಿಯೂ ರೇಗಿಸಬಹುದು. ಹೊಸದಾಗಿ ನಿಶ್ಚಿತಾರ್ಥ ಆದ ಹುಡುಗಿಯ ಎದುರು ಕಸಿನ್ ಗುಂಪು ಹುಡುಗನ ಹೆಸರನ್ನೇ ಮತ್ತೆ ಮತ್ತೆ ಕೂಗಿದರೆ ಅದು ‘ವೈಂಡ್ ಅಪ್’. ನಮ್ಮ ಕಿಚಾಯಿಸುವುದು, ರೇಗಿಸುವುದು ಎರಡೂ ಇದಕ್ಕೆ ಹೊಂದುತ್ತವೆ. ಗಡಿಯಾರಕ್ಕೆ ಕೀಲಿ ಕೊಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ತಿರುಗಿಸಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದಲ್ಲ, ಹಾಗೆ ಕೆಣಕಿದಷ್ಟೂ ಎದುರಿನವರು ಬಿಗಿಯಾಗುತ್ತಾರೆ.

ಉಚ್ಚಾರದಲ್ಲಿ ತಪ್ಪಿದರೆ ಮಾತೇ ಕೆಟ್ಟಿತು. ಗಾಳಿಯ ‘ವಿಂಡ್’ ಅಲ್ಲ, ‘ವೈಂಡ್’. ಭೂತಕಾಲದಲ್ಲಿ ‘ವೌಂಡ್’, ‘ಸೌಂಡ್’ಗೆ ಪ್ರಾಸ. ಬರೆದಾಗ ಗಾಯ ಅನ್ನುವ ಪದದ ಅಕ್ಷರಗಳೇ ಇರುತ್ತವೆ. ಆದರೆ ಗಾಯಕ್ಕೆ ‘ವೂಂಡ್’ ಅನ್ನಬೇಕು. ವಾರ್ಡಿನಲ್ಲಿ ಎರಡೂ ಬರುತ್ತವೆ, ಅದಕ್ಕೇ ನರ್ಸುಗಳಿಗೆ ಇಷ್ಟು ಒತ್ತಿ ಹೇಳುವುದು.

ನಮ್ಮ ಆಫೀಸುಗಳಲ್ಲಿ ‘ವೈಂಡ್ ಅಪ್’ ಅಂದರೆ ಮುಗಿಸುವುದು. ‘ಮೀಟಿಂಗ್ ವೈಂಡ್ ಅಪ್ ಮಾಡೋಣ’, ‘ಕಂಪನಿ ವೈಂಡ್ ಅಪ್ ಆಯ್ತು’. ಅದೂ ತಪ್ಪಲ್ಲ. ನಡುವೆ ಮನುಷ್ಯ ಬಂದರೆ ರೇಗಿಸುವುದು, ಕೆಲಸವೋ ಕಂಪನಿಯೋ ಬಂದರೆ ಮುಗಿಸುವುದು. ‘ಇಸ್ ದಿಸ್ ಎ ವೈಂಡ್-ಅಪ್?’ ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ, ‘ಇದೇನು ತಮಾಷೆ ಕರೆಯಾ?’ ಅಂತ ಕೇಳುತ್ತಿದ್ದಾರೆ, ಕರೆ ಮುಗಿಸಲು ಹೇಳುತ್ತಿಲ್ಲ.

ಇದರ ಪಕ್ಕದ ಮನೆಯದು ‘ಟೇಕಿಂಗ್ ದ ಮಿಕಿ’. ಅದೂ ಬ್ರಿಟನ್ನಿನದೇ. ಗೇಲಿ ಮಾಡುವುದು ಅಂತ. ಇದಕ್ಕೆ ಒಂದು ಕೀಳು ರೂಪವೂ ಇದೆ, ಸಿನಿಮಾದಲ್ಲಿ ಕೇಳಿರುತ್ತೀರಿ. ಕೇಳಿದ್ದನ್ನೆಲ್ಲ ಹೇಳಬೇಕಂತಿಲ್ಲ.

ಲೀಡ್ ಆನ್, ಸ್ಟ್ರಿಂಗ್ ಅಲಾಂಗ್: ಮೂಗಿಗೆ ತುಪ್ಪ

ಇಲ್ಲಿಂದ ನಗು ಕಡಿಮೆಯಾಗುತ್ತದೆ. ಕೊಡುವ ಮನಸ್ಸಿಲ್ಲದೆ ಆಸೆ ತೋರಿಸುವುದು ಎರಡರಲ್ಲೂ ಇದೆ. ತುಪ್ಪ ಮೂಗಿಗೆ ಸವರಿದರೆ ವಾಸನೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಇಷ್ಟು ಚೆನ್ನಾದ ಮಾತು ಇಂಗ್ಲಿಷಿನಲ್ಲಿ ಇಲ್ಲ ಬಿಡಿ.

‘ಲೀಡ್ ಆನ್’ ಹೆಚ್ಚಾಗಿ ಪ್ರೀತಿ ಪ್ರೇಮದ ವಿಷಯದಲ್ಲಿ ಬರುತ್ತದೆ. ‘ಹಿ ಲೆಡ್ ಹರ್ ಆನ್’ ಅಂದರೆ ಮದುವೆ ಆಗುವ ಹಾಗೆ ನಡೆದುಕೊಂಡ, ಮನಸ್ಸಿನಲ್ಲಿ ಅದು ಇರಲಿಲ್ಲ. ವ್ಯವಹಾರದಲ್ಲೂ ಬಳಸಬಹುದು. ಆದರೂ ಕೇಳಿದವರ ಮನಸ್ಸು ಮೊದಲು ಪ್ರೀತಿಯ ಕಡೆಗೇ ಹೋಗುತ್ತದೆ. ಹತ್ತಿ ಖರೀದಿ ಮಾಡುವ ವ್ಯಾಪಾರಿಯ ಬಗ್ಗೆ ‘ಹಿ ಲೆಡ್ ಮಿ ಆನ್’ ಅಂತ ಹೇಳಿದರೆ ಕೇಳಿದವರು ತುಟಿ ಕಚ್ಚಿಕೊಳ್ಳಬಹುದು.

ವ್ಯವಹಾರಕ್ಕೆ ‘ಸ್ಟ್ರಿಂಗ್ ಅಲಾಂಗ್’ ಹೊಂದುತ್ತದೆ. ಇದರಲ್ಲಿ ಕಾಲ ಎಳೆಯುವುದು ಮುಖ್ಯ. ಒಂದು ಸಲ ಸುಳ್ಳು ಹೇಳಿದರೆ ಅದು ‘ಸ್ಟ್ರಿಂಗ್ ಅಲಾಂಗ್’ ಅಲ್ಲ. ‘ಸೋಮವಾರ ಬಾ’, ‘ಹಬ್ಬ ಆಗಲಿ’, ‘ಸಾಹೇಬ್ರು ರಜೆ ಮೇಲಿದ್ದಾರೆ’ ಅಂತ ತಿಂಗಳುಗಟ್ಟಲೆ ಓಡಾಡಿಸಿದರೆ ಅದು. ವಿದೇಶದ ಕೆಲಸ ಕೊಡಿಸುತ್ತೇನೆ ಅಂತ ಪಾಸ್‌ಪೋರ್ಟ್ ಇಟ್ಟುಕೊಂಡು ‘ವೀಸಾ ಇನ್ನೇನು ಬಂತು’ ಅನ್ನುವ ಏಜೆಂಟರ ಕಾಟ ಅನುಭವಿಸಿದ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿ ಇದ್ದಳು. ‘ಹಿ ಚೀಟೆಡ್ ಮಿ’ ಅಂತ ಬರೆದಿದ್ದಳು. ನಾನು ಅವಳನ್ನು ಕೇಳಿದೆ, ದುಡ್ಡು ಹೋಯಿತಾ? ಇಲ್ಲ, ಕೊನೆಗೆ ಪಾಸ್‌ಪೋರ್ಟೂ ವಾಪಸ್ ಬಂತು, ಆದರೆ ವರ್ಷ ಕಳೆದುಹೋಯಿತು ಅಂದಳು. ಹಾಗಾದರೆ ‘ಹಿ ಸ್ಟ್ರಂಗ್ ಮಿ ಅಲಾಂಗ್ ಫಾರ್ ಎ ಇಯರ್’. ಕಳೆದದ್ದು ದುಡ್ಡಲ್ಲ, ಕಾಲ. ‘ಸ್ಟ್ರಿಂಗ್’ನ ಭೂತಕಾಲ ‘ಸ್ಟ್ರಂಗ್’ ಅನ್ನುವುದೂ ನೆನಪಿರಲಿ. ‘ಸ್ಟ್ರಿಂಗ್ಡ್’ ಅಲ್ಲ.

ಎರಡಕ್ಕೂ ಕನ್ನಡದಲ್ಲಿ ‘ಆಟ ಆಡಿಸುವುದು’ ಅನ್ನಬಹುದು. ಆದರೆ ‘ಪ್ಲೇಯಿಂಗ್ ವಿತ್ ಮಿ’ ಅಂತ ನೇರ ಸಾಗಿಸಬೇಡಿ. ಅದು ಮಕ್ಕಳ ಆಟವೂ ಆಗಬಹುದು.

ಟೇಕ್ ಇನ್, ಫಾಲ್ ಫಾರ್: ನಂಬಿದವನ ಕಡೆಯಿಂದ

ಇಲ್ಲಿಯವರೆಗಿನವು ಮಾಡಿದವನ ಕಡೆಯ ಮಾತು. ಮೋಸ ಹೋದವರ ಕಡೆಯಿಂದ ಕಥೆ ಹೇಳಬೇಕಾದರೆ ಈ ಎರಡು ಬೇಕು.

ಒಂದು ಒಳ್ಳೆ ಉದಾಹರಣೆ ಇದೆ. 1957ರ ಏಪ್ರಿಲ್ 1ರಂದು ಬಿಬಿಸಿ ತನ್ನ ‘ಪನೋರಮಾ’ ಕಾರ್ಯಕ್ರಮದಲ್ಲಿ ಒಂದು ಪುಟ್ಟ ವರದಿ ತೋರಿಸಿತು. ಸ್ವಿಟ್ಜರ್‌ಲ್ಯಾಂಡಿನ ಒಂದು ಕುಟುಂಬ ಮರಗಳಿಂದ ಸ್ಪಗೆಟ್ಟಿ ಕೀಳುತ್ತಿದೆ ಅಂತ. ಸ್ಪಗೆಟ್ಟಿ ಅಂದರೆ ಗೋಧಿ ಹಿಟ್ಟಿನಿಂದ ಮಾಡುವ ತಿನಿಸು, ಮರದಲ್ಲಿ ಬೆಳೆಯುವುದಲ್ಲ. ಶಾವಿಗೆಯಂಥ ಉದ್ದನೆಯ ಎಳೆಗಳು ಕೊಂಬೆಯಿಂದ ಜೋತು ಬಿದ್ದಿದ್ದವು. ಹೆಂಗಸರು ಬುಟ್ಟಿಗೆ ತುಂಬಿಕೊಂಡು ಬಿಸಿಲಿಗೆ ಹರವುತ್ತಿದ್ದರು. ಹಿನ್ನೆಲೆ ದನಿ ರಿಚರ್ಡ್ ಡಿಂಬಲ್ಬಿ ಅವರದು. ದೇಶವೇ ನಂಬುವ ಗಂಭೀರ ದನಿ. ಆಗ ಬ್ರಿಟನ್ನಿನಲ್ಲಿ ಸ್ಪಗೆಟ್ಟಿ ಅಷ್ಟು ಪರಿಚಯ ಇರಲಿಲ್ಲ. ಗಿಡ ಬೆಳೆಸುವುದು ಹೇಗೆ ಅಂತ ಜನ ಫೋನ್ ಮಾಡಿ ಕೇಳಿದರು. ಇದನ್ನು ಹೀಗೆ ಹೇಳಬೇಕು: ‘ಮೆನಿ ವ್ಯೂವರ್ಸ್ ವರ್ ಟೇಕನ್ ಇನ್.’ ಅಥವಾ ‘ಮೆನಿ ಪೀಪಲ್ ಫೆಲ್ ಫಾರ್ ಇಟ್.’

ಎರಡರಲ್ಲೂ ತೂಕ ಬೇರೆ. ‘ಟೇಕನ್ ಇನ್’ ಅಂದಾಗ ಮಾಡಿದವನ ಜಾಣತನದ ಕಡೆ ಬೆರಳು. ‘ಫೆಲ್ ಫಾರ್ ಇಟ್’ ಅಂದಾಗ ನಂಬಿದವರ ಪೆದ್ದುತನದ ಕಡೆ ಬೆರಳು. ಅತ್ತೆಯೋ ಮಾವನೋ ಲಾಟರಿ ಮೆಸೇಜ್ ನಂಬಿ ದುಡ್ಡು ಕಳಿಸಿದ್ದರೆ, ಅವರ ಬಗ್ಗೆ ‘ಶಿ ವಾಸ್ ಟೇಕನ್ ಇನ್’ ಅನ್ನುವುದು ಮರ್ಯಾದೆ. ‘ಶಿ ಫೆಲ್ ಫಾರ್ ಇಟ್’ ಅಂದರೆ ‘ಕುರಿ ಆದ್ರು’ ಅಂದ ಹಾಗೆ. ಸ್ಪಗೆಟ್ಟಿ ಕಥೆಗೆ ನಾನಾದರೆ ‘ಫೆಲ್ ಫಾರ್’ ಅನ್ನುತ್ತೇನೆ. ಅದು ನಗಲಿಕ್ಕೆಂದೇ ಮಾಡಿದ್ದು, ನಷ್ಟ ಯಾರಿಗೂ ಆಗಲಿಲ್ಲ.

ಬಳ್ಳಾರಿಯವರಿಗೆ ‘ಟೇಕ್ ಇನ್’ ಬೇರೆ ಕಡೆಯಿಂದ ಪರಿಚಯ ಇರಬೇಕು. ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ಸೊಂಟ ಸ್ವಲ್ಪ ಹಿಡಿದು ಹೊಲಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಟೇಕ್ ಇನ್ ದ ವೇಸ್ಟ್’. ಸಡಿಲ ಬಿಡುವುದಕ್ಕೆ ‘ಲೆಟ್ ಔಟ್’. ಹೊರ ರಾಜ್ಯದ ಆರ್ಡರ್ ಹಿಡಿದವರ ಮೇಲ್‌ನಲ್ಲಿ ‘ಪ್ಲೀಸ್ ಟೇಕ್ ಇನ್ ಬೈ ಒನ್ ಇಂಚ್’ ಅಂತ ಇದ್ದರೆ ಯಾರೂ ನಿಮಗೆ ಮೋಸ ಮಾಡುತ್ತಿಲ್ಲ. ಮನೆಗೆ ಸೇರಿಸಿಕೊಂಡು ಆಸರೆ ಕೊಡುವುದಕ್ಕೂ ‘ಟೇಕ್ ಇನ್’ ಅನ್ನುತ್ತಾರೆ. ‘ಮೈ ಆಂಟ್ ಟುಕ್ ಮಿ ಇನ್’ ಅಂದರೆ ಚಿಕ್ಕಮ್ಮ ಸಾಕಿದಳು ಅಂತಲೂ ಆಗಬಹುದು, ಚಿಕ್ಕಮ್ಮ ಯಾಮಾರಿಸಿದಳು ಅಂತಲೂ ಆಗಬಹುದು! ಮೋಸದ ಅರ್ಥ ಬೇಕಿದ್ದಾಗ ‘ವಾಸ್ ಟೇಕನ್ ಇನ್ ಬೈ’ ಅನ್ನುವ ರೂಪವೇ ಸುರಕ್ಷಿತ.

ದುಡ್ಡು ಹೋದಾಗ: ರಿಪ್ ಆಫ್, ಡು ಔಟ್ ಆಫ್, ಕಾನ್

‘ರಿಪ್ ಆಫ್’ ಅಂದರೆ ಬೆಲೆಗೆ ತಕ್ಕ ವಸ್ತು ಕೊಡದೆ ಸುಲಿಯುವುದು. ಆಟೋದವನು, ಅಂಗಡಿಯವನು, ಹೋಟೆಲಿನವನು ಯಾರೇ ಆಗಲಿ. ನಾಮಪದ ‘ರಿಪ್-ಆಫ್’. ಕದ್ದು ಮಾಡಿದ ನಕಲಿಗೂ ಇದೇ ಹೆಸರು. ಹಾಗಾಗಿ ‘ರಿಪ್ಡ್ ಜೀನ್ಸ್’ ಅಂದರೆ ಫ್ಯಾಶನ್ನಿಗೆ ಹರಿದ ಜೀನ್ಸ್, ‘ರಿಪ್-ಆಫ್ ಜೀನ್ಸ್’ ಅಂದರೆ ನಕಲಿ ಜೀನ್ಸ್. ಮಾಲಿನ ಪಟ್ಟಿ ಟೈಪ್ ಮಾಡುವವರು ಕಣ್ಣು ಬಿಟ್ಟು ನೋಡಬೇಕು.

‘ಡು ಔಟ್ ಆಫ್’ ಅಂದರೆ ನ್ಯಾಯವಾಗಿ ಬರಬೇಕಾದ್ದನ್ನು ತಪ್ಪಿಸುವುದು. ‘ಹಿಸ್ ಬ್ರದರ್ಸ್ ಡಿಡ್ ಹಿಮ್ ಔಟ್ ಆಫ್ ಹಿಸ್ ಶೇರ್.’ ಅಣ್ಣತಮ್ಮಂದಿರ ಹೊಲದ ಪಾಲಿನ ಕಥೆಗೆ ಇದಕ್ಕಿಂತ ಬೇರೆ ಬೇಡ. ಇಲ್ಲಿ ಏನು ಹೋಯಿತು ಅನ್ನುವುದನ್ನು ಹೇಳಲೇಬೇಕು. ಇದು ಹೆಚ್ಚಾಗಿ ಬ್ರಿಟನ್ನಿನ ಆಡುಮಾತು. ‘ಚೀಟೆಡ್ ಹಿಮ್ ಔಟ್ ಆಫ್’ ಅಂದರೆ ಎಲ್ಲ ಕಡೆ ನಡೆಯುತ್ತದೆ.

‘ಚೀಟ್’ ಅಂದಾಗ ಒಂದು ಭಾರಿ ಗುಂಡಿ ಇದೆ. ‘ಮೈ ಫ್ರೆಂಡ್ ಚೀಟೆಡ್ ಆನ್ ಮಿ’ ಅಂತ ಬರೆದರೆ ಅದು ಪ್ರೇಮಿಯೋ ಗಂಡನೋ ಬೇರೆಯವರ ಜೊತೆ ಸಂಬಂಧ ಇಟ್ಟುಕೊಂಡ ಕಥೆ. ಕೈಸಾಲ ತೀರಿಸದ ಗೆಳೆಯನಿಗೆ ಅದು ಸಲ್ಲದು. ಒಂದು ಪುಟ್ಟ ‘ಆನ್’ ಎಷ್ಟು ಕೆಲಸ ಮಾಡುತ್ತೆ ನೋಡಿ.

‘ಟೇಕ್ ಫಾರ್ ಎ ರೈಡ್’ ನಮ್ಮ ಪತ್ರಿಕೆಗಳಿಗೆ ತುಂಬಾ ಇಷ್ಟ. ಟೋಪಿ ಹಾಕುವುದು ಅಂತ ಅರ್ಥ. ಅಮೆರಿಕದ ಹಳೆಯ ಗೂಂಡಾಗಳ ಭಾಷೆಯಲ್ಲಿ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮುಗಿಸಿಬಿಡುವುದಕ್ಕೆ ಹೀಗೆ ಅನ್ನುತ್ತಿದ್ದರು. ಅಂಜನಾದ್ರಿ ಬೆಟ್ಟದ ಕೆಳಗೆ ನಿಂತ ಆಟೋ ಅಣ್ಣಂದಿರು ‘ಮೇಡಂ, ಐ ವಿಲ್ ಟೇಕ್ ಯು ಫಾರ್ ಎ ರೈಡ್’ ಅಂತ ಪ್ರೀತಿಯಿಂದ ಕರೆಯುತ್ತಾರೆ. ತಪ್ಪೇನಿಲ್ಲ, ಸುತ್ತಾಡಿಸುವುದು ಅನ್ನುವ ಅರ್ಥವೂ ಇದೆ. ಆದರೂ ‘ಐ ಕ್ಯಾನ್ ಡ್ರೈವ್ ಯು ದೇರ್’ ಅಂದರೆ ಗಿರಾಕಿ ನಗದೆ ಹತ್ತುತ್ತಾರೆ.

ಯೋಜನೆ ಹಾಕಿ, ನಂಬಿಕೆ ಗಳಿಸಿ, ದುಡ್ಡು ಹೊಡೆಯುವುದು ‘ಕಾನ್’. ಇದು ‘ಹ್ಯಾವ್ ಆನ್’ ಥರ ಎರಡು ಮೂರು ಪದ ಸೇರಿ ಬೇರೆಯೇ ಅರ್ಥ ಕೊಡುವ ಕ್ರಿಯಾಪದ (ಫ್ರೇಸಲ್ ವರ್ಬ್) ಅಲ್ಲ, ಆದರೂ ಬಿಟ್ಟರೆ ಹೋಲಿಕೆ ಪೂರ್ತಿಯಾಗುವುದಿಲ್ಲ. ‘ಕಾನ್ಫಿಡೆನ್ಸ್’ ಪದದ ತುಂಡು ಇದು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಅನ್ನುವವನು ಸಿಕ್ಕಿಬಿದ್ದ. ಚೆಂದದ ಬಟ್ಟೆ ಹಾಕಿಕೊಂಡು ಅಪರಿಚಿತರ ಜೊತೆ ಹಳೇ ಸ್ನೇಹಿತನಂತೆ ಮಾತಾಡಿ, ‘ನಾಳೆಯವರೆಗೆ ನಿಮ್ಮ ಗಡಿಯಾರ ನನ್ನ ಹತ್ತಿರ ಬಿಡುವಷ್ಟು ನಂಬಿಕೆ ನನ್ನ ಮೇಲೆ ಇದೆಯಾ?’ ಅಂತ ಕೇಳುತ್ತಿದ್ದ. ಜನ ಬಿಚ್ಚಿ ಕೊಡುತ್ತಿದ್ದರು! ಪತ್ರಿಕೆಗಳು ಅವನನ್ನು ‘ಕಾನ್ಫಿಡೆನ್ಸ್ ಮ್ಯಾನ್’ ಅಂದವು.

ಅವನಿಗಿಂತ ದೊಡ್ಡ ಆಸಾಮಿ ವಿಕ್ಟರ್ ಲಸ್ಟಿಗ್. 1925ರಲ್ಲಿ ಪ್ಯಾರಿಸ್‌ನಲ್ಲಿ ಸರ್ಕಾರಿ ಅಧಿಕಾರಿಯ ವೇಷ ಹಾಕಿ, ನಕಲಿ ಲೆಟರ್‌ಹೆಡ್ ಮಾಡಿಸಿ, ಗುಜರಿ ಕಬ್ಬಿಣದ ವ್ಯಾಪಾರಿಗಳನ್ನು ದೊಡ್ಡ ಹೋಟೆಲಿಗೆ ಕರೆದ. ಐಫೆಲ್ ಗೋಪುರದ ದುರಸ್ತಿ ಖರ್ಚು ಸರ್ಕಾರಕ್ಕೆ ಹೊರೆಯಾಗಿದೆ, ಬಿಚ್ಚಿ ಮಾರುತ್ತಿದ್ದೇವೆ, ಗುಟ್ಟಾಗಿರಲಿ ಅಂದ. ಒಬ್ಬ ವ್ಯಾಪಾರಿ ದುಡ್ಡು ಕೊಟ್ಟೂಬಿಟ್ಟ. ನಾಚಿಕೆಯಿಂದ ಪೊಲೀಸರ ಹತ್ತಿರವೂ ಹೋಗಲಿಲ್ಲ. ಹಾಗೆ ನೋಡಿದರೆ ಸುಳ್ಳಿಗೆ ಒಂದು ಆಧಾರ ಇತ್ತು. 1889ರ ಪ್ರದರ್ಶನಕ್ಕೆಂದು ಕಟ್ಟಿದ ಆ ಗೋಪುರವನ್ನು ಮೊದಲು 20 ವರ್ಷಕ್ಕಷ್ಟೇ ನಿಲ್ಲಿಸುವ ಯೋಚನೆ ಇತ್ತು. ಈ ಕಥೆಯ ಒಂದೇ ಘಟನೆಯನ್ನು ಮೂರು ರೀತಿ ಹೇಳಿಸುತ್ತೇನೆ ನಾನು. ‘ಲಸ್ಟಿಗ್ ಕಾನ್ಡ್ ಹಿಮ್.’ ‘ದ ಡೀಲರ್ ವಾಸ್ ಟೇಕನ್ ಇನ್.’ ‘ಹಿ ಫೆಲ್ ಫಾರ್ ಇಟ್.’ ಮೊದಲನೆಯದರಲ್ಲಿ ಅಪರಾಧ, ಎರಡನೆಯದರಲ್ಲಿ ಕನಿಕರ, ಮೂರನೆಯದರಲ್ಲಿ ನಗು. ಇಲ್ಲಿ ‘ರಿಪ್ಡ್ ಆಫ್’ ಅಂದರೆ ಸಪ್ಪೆ. ‘ಹ್ಯಾವಿಂಗ್ ಹಿಮ್ ಆನ್’ ಅಂದರೆ ಪೂರ್ತಿ ತಪ್ಪು.

ಜಾಣತನದಿಂದ ಗೆದ್ದದ್ದಕ್ಕೆ, ಅದರಲ್ಲೂ ದೊಡ್ಡವರ ಮುಂದೆ ಗೆದ್ದದ್ದಕ್ಕೆ, ‘ಪುಟ್ ಒನ್ ಓವರ್ ಆನ್’ ಇದೆ. ತೆನಾಲಿ ರಾಮನ ಕಥೆ ಹೇಳುವ ಗೈಡುಗಳು ಇದನ್ನು ಕಲಿಯಲೇಬೇಕು. ರಾಜ ಕೊಟ್ಟ ಬೆಕ್ಕಿಗೆ ಕುದಿಯುವ ಹಾಲು ಇಟ್ಟು, ಅದು ಹಾಲು ಕಂಡರೆ ಓಡುವ ಹಾಗೆ ಮಾಡಿ, ಹಸುವಿನ ಹಾಲೆಲ್ಲ ತಾನೇ ಕುಡಿದನಲ್ಲ, ಆ ಕಥೆಗೆ ‘ಹಿ ಪುಟ್ ಒನ್ ಓವರ್ ಆನ್ ದ ಕಿಂಗ್’. ‘ಹಿ ಚೀಟೆಡ್ ದ ಕಿಂಗ್’ ಅಂತ ಹೇಳುವುದನ್ನು ಕೇಳಿದ್ದೇನೆ. ಪಾಪ ರಾಮನನ್ನು ಕೃಷ್ಣದೇವರಾಯ ಜೈಲಿಗೆ ಹಾಕಿಸಬೇಕಾಗುತ್ತದೆ.

ಬೇಗ ಮುಗಿಸಬಹುದಾದವು

ಅನುಕರಣೆ ಮಾಡಿ ನಗಿಸುವುದು ‘ಟೇಕ್ ಆಫ್’. ಅನುಕರಣೆಯಿಂದ ಗೇಲಿ ಮಾಡುವುದು ‘ಸೆಂಡ್ ಅಪ್’. ದೊಡ್ಡಾಟದ ಸಾರಥಿ ರಾಜನ ಗತ್ತನ್ನೇ ಅಣಕಿಸಿದರೆ ‘ಸೆಂಡ್ ಅಪ್’. ಹಗಲುವೇಷದವರು ಊರಿನ ಪೊಲೀಸಪ್ಪನ ನಡಿಗೆ ತೋರಿಸಿದರೆ ‘ಟೇಕ್ ಆಫ್’. ಎರಡೂ ಬ್ರಿಟನ್ ಕಡೆ ಜಾಸ್ತಿ. ಒಬ್ಬನನ್ನೇ ಗುರಿ ಮಾಡಿ ಮತ್ತೆ ಮತ್ತೆ ಕಾಡುವುದು ‘ಪಿಕ್ ಆನ್’. ಅದು ತಮಾಷೆಯಲ್ಲ. ಹೋಳಿಗೆ ಹುಡುಗರು ಮನೆಮನೆಯ ಕುಳ್ಳು, ಕಟ್ಟಿಗೆ ಕದ್ದು ಕಾಮಣ್ಣನಿಗೆ ಹಾಕುವುದನ್ನು ಹೊರಗಿನವರಿಗೆ ಹೇಳಬೇಕಾದರೆ ‘ಪ್ಲೇ ಎ ಪ್ರ್ಯಾಂಕ್ ಆನ್’ ಅನ್ನಿ. ‘ಸ್ಟೀಲ್’ ಅಂದರೆ ಕೇಸಾದೀತು.

‘ಟೀಸ್’ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಅದು ಹಗುರ ಪದ. ಅಜ್ಜ ಮೊಮ್ಮಗಳನ್ನು ಟೀಸ್ ಮಾಡಬಹುದು. ನಮ್ಮಲ್ಲಿ ‘ಈವ್ ಟೀಸಿಂಗ್’ ಬಳಕೆಯಿಂದ ಅದಕ್ಕೆ ಕಿರುಕುಳದ ಬಣ್ಣ ಹತ್ತಿದೆ. ಹೊರದೇಶದವರಿಗೆ ‘ಈವ್ ಟೀಸಿಂಗ್’ ಅಂದರೆ ತಿಳಿಯುವುದಿಲ್ಲ, ತಿಳಿದರೂ ಹಗುರವಾಗಿ ಕೇಳಿಸುತ್ತದೆ. ‘ಹರಾಸ್‌ಮೆಂಟ್’ ಅಂತಲೇ ಹೇಳಿ. ‘ರ್ಯಾಗಿಂಗ್’ ಕೂಡ ಹಾಗೇ. ಇಲ್ಲಿ ಅದು ಅಪರಾಧ, 2009ರಿಂದ ಯುಜಿಸಿ ನಿಯಮಗಳೇ ಇವೆ. ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ‘ರ್ಯಾಗ್ ವೀಕ್’ ಅಂತ ಪೋಸ್ಟರ್ ನೋಡಿ ಹೆದರಬೇಡಿ. ಅದು ವಿದ್ಯಾರ್ಥಿಗಳು ದಾನಕ್ಕೆ ದುಡ್ಡು ಎತ್ತುವ ವಾರ.

ಕಾಗದದ ಮೇಲೆ ಬರೆಯುವಾಗ

ಮೇಲೆ ಹೇಳಿದ ಹೆಚ್ಚಿನವು ಬಾಯಿಮಾತು. ಬ್ಯಾಂಕಿಗೆ, ಪೊಲೀಸ್ ಠಾಣೆಗೆ, ಗ್ರಾಹಕರ ಆಯೋಗಕ್ಕೆ ಬರೆಯುವಾಗ ಅವನ್ನು ಪಕ್ಕಕ್ಕಿಡಿ. ‘ದೇ ರಿಪ್ಡ್ ಮಿ ಆಫ್’ ಬದಲು ‘ಐ ವಾಸ್ ಓವರ್‌ಚಾರ್ಜ್ಡ್’. ‘ದೇ ಸ್ಟ್ರಂಗ್ ಮಿ ಅಲಾಂಗ್’ ಬದಲು ‘ದೇ ರಿಪೀಟೆಡ್ಲಿ ಡಿಲೇಡ್’. ‘ಐ ವಾಸ್ ಟೇಕನ್ ಇನ್’ ಬದಲು ‘ಐ ವಾಸ್ ಮಿಸ್‌ಲೆಡ್’.

‘ಚೀಟೆಡ್’ ಅನ್ನುವುದನ್ನು ಮಾತ್ರ ಯೋಚಿಸಿ ಬರೆಯಿರಿ. ಕಾನೂನಿನಲ್ಲಿ ಅದಕ್ಕೆ ತನ್ನದೇ ಅರ್ಥ ಇದೆ. ಎಲ್ಲರ ಬಾಯಲ್ಲಿದ್ದ ‘ಫೋರ್ ಟ್ವೆಂಟಿ’, ಅಂದರೆ ಐಪಿಸಿ 420, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ. ಬೈಯುವುದಕ್ಕೆ ಹಳೇ ನಂಬರೇ ನಡೆಯುತ್ತಿದೆ, ‘ಥ್ರೀ ಎಯ್ಟೀನ್ ನನ್ಮಗ’ ಅಂತ ಇನ್ನೂ ಯಾರೂ ಶುರು ಮಾಡಿಲ್ಲ. ಮೊದಲಿಂದಲೇ ವಂಚಿಸುವ ಉದ್ದೇಶ ಇತ್ತು, ಅದರಿಂದ ದುಡ್ಡೋ ಆಸ್ತಿಯೋ ಕೈಬಿಟ್ಟಿತು ಅಂದಾಗ ಈ ಪದ ಸರಿ. ಹೊತ್ತಿಗೆ ಸರಿಯಾಗಿ ಮಾಲು ಕಳಿಸದವನಿಗೆಲ್ಲ ‘ಚೀಟ್’ ಅಂತ ಬರೆದರೆ ಅವನ ವಕೀಲರಿಂದ ನೋಟಿಸ್ ಬರಬಹುದು.

ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ಇಂಗ್ಲಿಷ್ ಚೆಂದ ಮಾಡುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಆಮೇಲೆ ಬರೆಯುವ ದೂರಿಗೆ ಒಂದು ಸಾಲು ಸಾಕು: ‘ಐ ವಾಸ್ ಡಿಫ್ರಾಡೆಡ್ ಆಫ್’, ಅದರ ಮುಂದೆ ಮೊತ್ತ, ತಾರೀಕು, ಹೊತ್ತು, ವಹಿವಾಟಿನ ನಂಬರ್. ಇಲ್ಲಿ ‘ಆಫ್’ ಅನ್ನುವುದು ‘ರಿಪ್ ಆಫ್’ನ ಎರಡು ಎಫ್ ಇರುವ ‘ಆಫ್’ ಅಲ್ಲ, ಒಂದು ಎಫ್ ಇರುವುದು. ಕನ್ನಡದಲ್ಲೇ ದೂರು ಬರೆದುಕೊಟ್ಟರೂ ಠಾಣೆಯಲ್ಲಿ ತೆಗೆದುಕೊಳ್ಳುತ್ತಾರೆ.